ಸಾಲ ವಸೂಲಿಗೆ ಬಂದವರ ಕೈಯಲ್ಲಿ ಯಾವ ಕಾಗದ ಇದೆ?

ಕಂತು ನಿಂತುಹೋದ ಮನೆಯ ಬಾಗಿಲಿಗೆ ಮೂರು ಬಗೆಯ ಜನ ಬರಬಹುದು. ಫೈನಾನ್ಸ್ ಕಂಪನಿಯ ಸಿಬ್ಬಂದಿ ಅಥವಾ ಅವರು ನೇಮಿಸಿದ ರಿಕವರಿ ಏಜೆಂಟ್ ಒಬ್ಬ. ಮನೆ ಅಡವಿಟ್ಟು ತೆಗೆದ ಸಾಲವಾದರೆ ಬ್ಯಾಂಕಿನ ಅಧಿಕೃತ ಅಧಿಕಾರಿ ಇನ್ನೊಬ್ಬ. ಮೂರನೆಯವನು ಕೋರ್ಟಿನ ಅಮೀನ. ಹೆದರಿದ ಮನೆಯವರಿಗೆ ಮೂವರೂ ಒಂದೇ ಥರ ಕಾಣುತ್ತಾರೆ. ಕಾನೂನು ಮಾತ್ರ ಮೂವರನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಏಜೆಂಟನಿಗೆ ದುಡ್ಡು ಕೇಳುವುದನ್ನು ಬಿಟ್ಟು ಬೇರೆ ಯಾವ ಅಧಿಕಾರವೂ ಇಲ್ಲ. ಬ್ಯಾಂಕ್ ಅಧಿಕಾರಿಗೆ ಅಡವಿಟ್ಟ ಆಸ್ತಿಯ ಮೇಲೆ ಮಾತ್ರ ಅಧಿಕಾರ, ಅದೂ ನೋಟಿಸು ಕೊಟ್ಟು, ಗಡುವು ಕಳೆದ ಮೇಲೆ. ಜಪ್ತಿ ಮಾಡುವ ಅಧಿಕಾರ ನಿಜವಾಗಿ ಇರುವುದು ಅಮೀನನಿಗೆ. ಆದರೆ ಅವನೂ ನ್ಯಾಯಾಧೀಶರ ವಾರಂಟ್ ಇಲ್ಲದೆ ಒಂದು ಪಾತ್ರೆ ಮುಟ್ಟುವಂತಿಲ್ಲ.

ಹಾಗಾಗಿ ಯಾರೇ ಬಂದರೂ ಮೊದಲು ಕೇಳಬೇಕಾದ್ದು ಒಂದೇ ಮಾತು: "ನೀವು ಯಾರು, ಯಾವ ಕಾಗದ ತಂದಿದ್ದೀರಿ?" ಈ ಪ್ರಶ್ನೆ ಕೇಳಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ತೆಗೆದುಕೊಂಡ ಸಾಲ ಸಾಲವೇ, ಕಟ್ಟಲೇಬೇಕು. ಆದರೆ ಸಾಲ ಬಾಕಿ ಇದೆ ಎಂಬ ಕಾರಣಕ್ಕೆ ಮನುಷ್ಯನ ಮರ್ಯಾದೆ, ಮನೆ, ನಿದ್ದೆ ಎಲ್ಲವನ್ನೂ ಬಂದವನ ಕೈಗೆ ಒಪ್ಪಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ. ಇದು ಗೊತ್ತಿಲ್ಲದೆ ಊರು ಬಿಟ್ಟವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ರಾಮನಗರದ ಕಡೆಯಿಂದ ಮನೆಗೆ ಬೀಗ ಹಾಕಿ ಹೊರಟ ಕುಟುಂಬಗಳ ಸುದ್ದಿ ದಿನವೂ ಬರುತ್ತಿತ್ತು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಮೊರೆಯಿಟ್ಟರು.

ಏಜೆಂಟ್ ಬಂದಾಗ

ಬೆಳಿಗ್ಗೆ ಏಳಕ್ಕೇ ಬೈಕಿನಲ್ಲಿ ಇಬ್ಬರು ಬಂದು ಜಗಲಿಯ ಮೇಲೆ ಕೂರುತ್ತಾರೆ. "ಅಕ್ಕಾ, ಕಂತು ಕಟ್ಟೋವರೆಗೂ ನಾವು ಏಳಲ್ಲ" ಅನ್ನುತ್ತಾರೆ. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಾರೆ. ನಮ್ಮ ಹಳ್ಳಿಗಳಲ್ಲಿ, ನಗರದ ಬಡಾವಣೆಗಳಲ್ಲಿ ಇದು ಮಾಮೂಲಿಯಾಗಿ ನಡೆದುಬಂದಿದೆ. ಆದರೆ ಈ ದೃಶ್ಯದಲ್ಲಿ ಕಾಣುವ ಒಂದೊಂದೂ ನಿಯಮಬಾಹಿರ.

ವಾರದ ಅಥವಾ ತಿಂಗಳ ಕಂತಿನ ಗುಂಪು ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸಿಗೆ, ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಪ್ರತ್ಯೇಕ ನಿಯಮ ತಂದಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಇದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಹಣ ಕಟ್ಟುವ ಜಾಗ ಇಬ್ಬರೂ ಒಪ್ಪಿ ಗೊತ್ತು ಮಾಡಿಕೊಂಡದ್ದಾಗಿರಬೇಕು. ಸತತ ಎರಡು ಬಾರಿ ಅಥವಾ ಅದಕ್ಕಿಂತ ಹೆಚ್ಚು ಸಲ ಆ ಜಾಗಕ್ಕೆ ಬರದಿದ್ದರೆ ಮಾತ್ರ ಸಿಬ್ಬಂದಿ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೈಯುವುದು, ಬೆದರಿಸುವುದು, ಮೇಲಿಂದ ಮೇಲೆ ಫೋನ್ ಮಾಡುವುದು, ನೆಂಟರು, ಸ್ನೇಹಿತರು, ಜೊತೆಗೆ ಕೆಲಸ ಮಾಡುವವರನ್ನು ಪೀಡಿಸುವುದು, ಬಾಕಿದಾರರ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕುವುದು, ಕಟ್ಟದಿದ್ದರೆ ಹಾಗಾಗುತ್ತೆ ಹೀಗಾಗುತ್ತೆ ಎಂದು ಸುಳ್ಳು ಹೇಳುವುದು, ಎಲ್ಲವೂ ನಿಷಿದ್ಧ.

ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್, ವಾಹನ ಸಾಲ ಮುಂತಾದವಕ್ಕೆ 2022ರ ಆಗಸ್ಟ್ 12ರ ಸುತ್ತೋಲೆ ಬೆಳಿಗ್ಗೆ 8ರಿಂದ ಸಂಜೆ 7ರ ಗಡಿ ಹಾಕಿತು. ವಾಟ್ಸಾಪಿನಲ್ಲಿ ಅಸಭ್ಯ ಸಂದೇಶ ಕಳಿಸುವುದು, ಹೆಸರು ಹೇಳದೆ ಬೆದರಿಕೆ ಕರೆ ಮಾಡುವುದು, ಸಾಲದ ಅರ್ಜಿಯಲ್ಲಿ ಪರಿಚಯಕ್ಕೆಂದು ಕೊಟ್ಟ ನಂಬರಿಗೆ ಫೋನ್ ಮಾಡಿ ಮಾನ ಕಳೆಯುವುದು ಇವೆಲ್ಲ ಅದರ ಪ್ರಕಾರ ತಪ್ಪು. ಏಜೆಂಟ್ ಏನೇ ಮಾಡಿದರೂ ಹೊಣೆ ಸಾಲ ಕೊಟ್ಟ ಸಂಸ್ಥೆಯದ್ದೇ. "ಅವನು ನಮ್ಮವನಲ್ಲ, ಹೊರಗಿನ ಏಜೆನ್ಸಿಯವನು" ಎಂದು ಬ್ಯಾಂಕ್ ಕೈ ತೊಳೆದುಕೊಳ್ಳುವಂತಿಲ್ಲ.

ಏಜೆಂಟನ ಹತ್ತಿರ ಎರಡು ಕಾಗದ ಇರಬೇಕು: ಸಂಸ್ಥೆಯು ಕೊಟ್ಟ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ. ಕೇಳಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತೋರಿಸದವನ ಜೊತೆ ಸಾಲದ ವಿಷಯ ಮಾತಾಡುವ ಅಗತ್ಯ ನಿಮಗಿಲ್ಲ. ಮನೆಯೊಳಗೆ ಬಿಟ್ಟುಕೊಳ್ಳುವ ಅಗತ್ಯವಂತೂ ಇಲ್ಲವೇ ಇಲ್ಲ. ಹೊಸಿಲ ಈಚೆ ನಿಂತು "ನೋಡಪ್ಪಾ, ಹೇಳೋದೇನಿದ್ದರೂ ಅಲ್ಲೇ ನಿಂತು ಹೇಳು, ಇಲ್ಲಾ ಬರೆದು ಕಳಿಸು" ಎಂದರೆ ಸಾಕು. ಹೋಗು ಎಂದ ಮೇಲೂ ಹೋಗದೆ ಬೆದರಿಸುತ್ತಾ ಕೂತರೆ ಅದು ಅತಿಕ್ರಮ ಪ್ರವೇಶ. ಮನೆಯ ಟಿವಿ, ಗ್ಯಾಸ್ ಸಿಲಿಂಡರ್, ಹಸು ಎತ್ತಿಕೊಂಡು ಹೋದರೆ ಕಳ್ಳತನ ಅಥವಾ ಸುಲಿಗೆ. ಆಗಲೇ 112ಕ್ಕೆ ಫೋನ್ ಮಾಡಬಹುದು.

ಗುಂಪು ಸಾಲದಲ್ಲಿ ಇನ್ನೊಂದು ಸಂಕಟ ಇದೆ, ಅದು ಯಾವ ಸುತ್ತೋಲೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಿಕೊಡಬೇಕು ಎಂಬ ಕರಾರಿನ ಮೇಲೆ ಸಾಲ ಕೊಟ್ಟಿರುತ್ತಾರೆ. ಸಿಬ್ಬಂದಿ ತಾನು ಬೈಯುವುದಿಲ್ಲ. "ಇವಳು ಕಟ್ಟೋವರೆಗೂ ಯಾರೂ ಮನೆಗೆ ಹೋಗೋ ಹಾಗಿಲ್ಲ" ಎಂದು ಮೀಟಿಂಗಿನಲ್ಲಿ ಎಲ್ಲರನ್ನೂ ಕೂರಿಸುತ್ತಾನೆ. ಅಡುಗೆ ಬಿಟ್ಟು, ಶಾಲೆಯಿಂದ ಬರುವ ಮಕ್ಕಳನ್ನು ಬಿಟ್ಟು ಕೂತ ಹೆಂಗಸರ ಸಿಟ್ಟೆಲ್ಲ ಆ ಒಬ್ಬಳ ಮೇಲೆ ತಿರುಗುತ್ತದೆ. ಅಕ್ಕಪಕ್ಕದವರೇ ಬೈದು, ಅವಳ ಮನೆಗೆ ಬೀಗ ಹಾಕಿದ್ದೂ ಉಂಟು. ಜೊತೆಗೆ ಸಾಲ ತೆಗೆದವಳಿಗೆ ಇನ್ನೊಬ್ಬಳ ಮನೆಗೆ ಬೀಗ ಹಾಕುವ ಹಕ್ಕು ಯಾವ ಕರಾರಿನಿಂದಲೂ ಬರುವುದಿಲ್ಲ. ಹಣಕ್ಕೆ ಅವರು ಜವಾಬ್ದಾರರಾಗಬಹುದು ಅಷ್ಟೆ, ವಸೂಲಿಯ ಕೆಲಸ ಅವರದ್ದಲ್ಲ. ಹೆಂಗಸರನ್ನು ಹೀಗೆ ಕೂರಿಸಿಕೊಳ್ಳುವುದು ವಸೂಲಿಯ ಅತ್ಯಂತ ಕ್ರೂರ ದಾರಿ ಎಂದು ನಾನು ನಂಬುತ್ತೇನೆ. ಸಾಲ ತೀರಿದ ಮೇಲೂ ಒಡೆದ ನಂಟು ಕೂಡುವುದಿಲ್ಲ.

ಗೋಡೆಯ ಮೇಲಿನ ಬರಹದ ವಿಷಯವನ್ನೂ ಇಲ್ಲೇ ಹೇಳಬೇಕು. "ಈ ಮನೆ ಅಡಮಾನದಲ್ಲಿದೆ" ಎಂದು ಬಣ್ಣದಲ್ಲಿ ದೊಡ್ಡದಾಗಿ ಬರೆದು, ಮೇಲೆ ಕಂಪನಿಯ ಹೆಸರು ಹಾಕಿದ ಮನೆಗಳ ಚಿತ್ರ ನೀವೂ ನೋಡಿರುತ್ತೀರಿ. ಅಡಮಾನ ಸಾಲದಲ್ಲಿ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಬೇಕೆಂದು ಕಾನೂನೇ ಹೇಳುತ್ತದೆ. ಅದು ದಿನಾಂಕ, ಬಾಕಿ ಮೊತ್ತ, ಅಧಿಕೃತ ಅಧಿಕಾರಿಯ ಸಹಿ ಇರುವ, ನಿಗದಿತ ನಮೂನೆಯ ಒಂದು ಹಾಳೆ. ಬ್ರಷ್ ಹಿಡಿದು ಗೋಡೆಗೆ ಬಳಿಯುವುದು ಆ ನೋಟಿಸಲ್ಲ. ಊರೆಲ್ಲ ನೋಡಲಿ ಎಂದು ಮಾಡುವ ಅವಮಾನ ಅದು. ಫೋಟೋ ತೆಗೆದಿಡಿ, ದೂರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ.

ಕರ್ನಾಟಕದ ಕಾಯ್ದೆ ಏನು ಹೇಳುತ್ತದೆ

ಸಾಲು ಸಾಲು ಆತ್ಮಹತ್ಯೆಗಳ ನಂತರ ರಾಜ್ಯ ಸರ್ಕಾರ ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, 2025ರ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮುಂದಿನ ತಿಂಗಳು ವಿಧಾನಮಂಡಲದಲ್ಲಿ ಮಸೂದೆಯೂ ಪಾಸಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಿಂದೆ ಬಿದ್ದು ಕಾಡುವುದು, ರೌಡಿಗಳನ್ನು ಕಳಿಸುವುದು, ರೇಷನ್ ಕಾರ್ಡಿನಂಥ ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತುಕೊಳ್ಳುವುದು ಎಲ್ಲ ಬಲವಂತದ ಪಟ್ಟಿಯಲ್ಲಿವೆ. ದೂರು ತೆಗೆದುಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ ಎಂದೂ ಬರೆದಿದ್ದಾರೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಠಾಣೆಯಲ್ಲಿ ಬೇಕಾಗುವ ಮಾತು.

ಈ ಕಾಯ್ದೆ ಬಂದಾಗ "ಸಾಲ ಎಲ್ಲ ಮನ್ನಾ" ಎಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿತ್ತು. ಅದನ್ನು ನಂಬಿ ಕಂತು ನಿಲ್ಲಿಸಿದವರು ತೊಂದರೆಗೆ ಸಿಕ್ಕಿಕೊಂಡರು. ನೋಂದಣಿ, ಲೈಸೆನ್ಸ್ ಇಲ್ಲದೆ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಕಾಯ್ದೆ ಹೇಳುವುದು ನಿಜ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಬ್ಯಾಂಕ್, ಫೈನಾನ್ಸ್ ಕಂಪನಿಯ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ನಿಮ್ಮ ಕಂಪನಿ ಯಾವ ಪಟ್ಟಿಯಲ್ಲಿದೆ ಎಂಬುದು ಪಾಸ್‌ಬುಕ್ ಅಥವಾ ಲೋನ್ ಕಾರ್ಡಿನ ಮೇಲೆ ಇರುವ ಪೂರ್ತಿ ಹೆಸರಿನಿಂದ ಗೊತ್ತಾಗುತ್ತದೆ. ನೋಂದಾಯಿತ ಕಂಪನಿಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ.

ಖಾಸಗಿ ಬಡ್ಡಿ ವ್ಯವಹಾರದವರಿಗೆ 1961ರ ಲೇವಾದೇವಿ ಕಾಯ್ದೆಯ ಲೈಸೆನ್ಸ್ ಬೇಕು. ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಅಡವಿಲ್ಲದ್ದಕ್ಕೆ ಶೇ. 16 ಬಡ್ಡಿಯ ಮಿತಿ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಅಂದರೆ ವರ್ಷಕ್ಕೆ ಶೇ. 120 ಆಯಿತು. ಮೀಟರ್ ಬಡ್ಡಿಯಂತೂ ಇದನ್ನೂ ಮೀರುತ್ತದೆ. ಇಂಥದ್ದನ್ನು ತಡೆಯಲೆಂದೇ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಇದೆ. ನಿಮ್ಮ ಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೂ ಪೊಲೀಸರಿಗೂ ದೂರು ಕೊಡಬಹುದು.

ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆದು ಸಿಕ್ಕಿಕೊಂಡ ಕಾಲೇಜು ಹುಡುಗರು ಈಗ ತುಂಬ ಜನ ಇದ್ದಾರೆ. ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೋಗಳಿಗೆ ಕೈ ಹಾಕುವಂತಿಲ್ಲ ಎಂದು 2022ರ ಸೆಪ್ಟೆಂಬರಿನಿಂದಲೇ ನಿಯಮವಿದೆ. ಫೋಟೋ ತಿದ್ದಿ ಮನೆಯವರಿಗೆ ಕಳಿಸುತ್ತೇವೆ ಎನ್ನುವವನು ಸಾಲ ಕೊಟ್ಟವನಲ್ಲ, ಅಪರಾಧಿ. ಅವನಿಗೆ ಇನ್ನೊಂದು ರೂಪಾಯಿ ಹಾಕಬೇಡಿ, 1930ಕ್ಕೆ ಫೋನ್ ಮಾಡಿ, ಮನೆಯವರಿಗೆ ಮೊದಲೇ ಹೇಳಿಬಿಡಿ. ಮನೆಯವರಿಗೆ ಗೊತ್ತಾಗಿಬಿಟ್ಟರೆ ಅವನ ಕೈಯಲ್ಲಿ ಹೆದರಿಸಲು ಏನೂ ಉಳಿಯುವುದಿಲ್ಲ.

ದೂರು ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ

ಕಾಲ್ ಸೆಂಟರಿಗೆ ಫೋನ್ ಮಾಡಿ ಅತ್ತುಕೊಂಡರೆ ದಾಖಲೆ ಉಳಿಯುವುದಿಲ್ಲ. ಇಷ್ಟು ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ:

"ನನ್ನ ಸಾಲದ ಖಾತೆ ಸಂಖ್ಯೆ ಇಂತಿಷ್ಟು. ಇಂಥ ತಾರೀಕು, ಇಂಥ ಹೊತ್ತಿನಲ್ಲಿ ನಿಮ್ಮ ಕಡೆಯವರೆಂದು ಹೇಳಿಕೊಂಡ ಇಬ್ಬರು ಮನೆಗೆ ಬಂದು ಹೀಗೆ ಹೀಗೆ ಬೈದರು, ಗುರುತಿನ ಚೀಟಿ ತೋರಿಸಲಿಲ್ಲ. ಫೋನ್ ಬಂದ ನಂಬರುಗಳು ಇವು. ಸಾಲವನ್ನು ನಾನು ನಿರಾಕರಿಸುತ್ತಿಲ್ಲ. ಬೆಳೆ ಹೋಗಿರುವುದರಿಂದ ಈಗ ತಿಂಗಳಿಗೆ ಇಷ್ಟು ಮಾತ್ರ ಕಟ್ಟಬಲ್ಲೆ, ಕಂತು ಮರುಹೊಂದಿಸಿ ಕೊಡಿ. ಖಾತೆಯ ಪೂರ್ತಿ ಲೆಕ್ಕಪತ್ರವನ್ನೂ, ನೇಮಿಸಿರುವ ಏಜೆನ್ಸಿಯ ವಿವರವನ್ನೂ ಲಿಖಿತವಾಗಿ ಕೊಡಿ."

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ಆನ್‌ಲೈನಿನಲ್ಲಿ ದೂರು ಹಾಕಬಹುದು, ಖರ್ಚಿಲ್ಲ. ಸಹಾಯವಾಣಿ 14448. ಬೆದರಿಕೆ, ಹಲ್ಲೆ ಇದ್ದರೆ 30 ದಿನ ಕಾಯುವ ಮಾತೇ ಇಲ್ಲ, ನೇರ ಠಾಣೆಗೆ ಹೋಗಿ.

ಈ ಪತ್ರದಲ್ಲಿ ಒಂದು ಎಚ್ಚರಿಕೆ ಬೇಕು. ಕೊನೆಯ ಕಂತು ಕಟ್ಟಿ ತುಂಬ ವರ್ಷವಾದ ಹಳೆಯ ಸಾಲವಾದರೆ "ಸಾಲ ಒಪ್ಪುತ್ತೇನೆ" ಎಂದು ಬರೆಯುವ ಮೊದಲು ವಕೀಲರನ್ನು ಕೇಳಿ. ಕೈಸಾಲ, ವೈಯಕ್ತಿಕ ಸಾಲಗಳಿಗೆ ಸಾಮಾನ್ಯವಾಗಿ 3 ವರ್ಷದ ಒಳಗೆ ದಾವೆ ಹಾಕಬೇಕು. ಗಡುವು ಮುಗಿಯುವ ಮೊದಲು ನೀವು ಬರೆದುಕೊಟ್ಟರೆ ಅಥವಾ ಸ್ವಲ್ಪ ಹಣ ಕಟ್ಟಿದರೆ 3 ವರ್ಷದ ಲೆಕ್ಕ ಮತ್ತೆ ಹೊಸದಾಗಿ ಶುರುವಾಗುತ್ತದೆ.

ಸಾಲ ಪಡೆದವರು ತೀರಿಕೊಂಡ ಮನೆಗೂ ಏಜೆಂಟರು ಬರುತ್ತಾರೆ. ಹೆಂಡತಿ ಮಕ್ಕಳು ಜಾಮೀನು ಹಾಕಿಲ್ಲದಿದ್ದರೆ, ಸತ್ತವರಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ಆಸ್ತಿಯೇ ಬಂದಿಲ್ಲವಾದರೆ ಕೈಯಿಂದ ಕಟ್ಟಬೇಕಿಲ್ಲ. ಗುಂಪು ಸಾಲಗಳಲ್ಲಿ ಬಹಳ ಸಲ ಸಾಲ ಕೊಡುವಾಗಲೇ ವಿಮೆಯ ಕಂತು ಹಿಡಿದುಕೊಂಡಿರುತ್ತಾರೆ. ಲೋನ್ ಕಾರ್ಡಿನಲ್ಲಿ ಆ ಸಾಲು ಇದೆಯೇ ನೋಡಿ. ಇದ್ದರೆ ಸಾಲ ತೀರಬೇಕಾದ್ದು ವಿಮೆಯ ಹಣದಿಂದ. ಜಾಮೀನು ಹಾಕಿದವರ ಕಥೆ ಮಾತ್ರ ಬೇರೆ, ಅವರ ಹೊಣೆ ಸಾಲ ಪಡೆದವರಷ್ಟೇ ಪೂರ್ತಿ.

ಗಾಡಿ ಮತ್ತು ಮನೆ

ನಡುರಸ್ತೆಯಲ್ಲಿ ಬೈಕೋ ಟ್ರ್ಯಾಕ್ಟರೋ ಅಡ್ಡಗಟ್ಟಿ ಕೀಲಿ ಕಿತ್ತುಕೊಳ್ಳುವುದು ಅಕ್ರಮ. ಗೂಂಡಾಗಳನ್ನಿಟ್ಟು ವಾಹನ ಎಳೆದೊಯ್ಯಬಾರದು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಬ್ಯಾಂಕೊಂದಕ್ಕೆ ಕಟುವಾಗಿ ಹೇಳಿತ್ತು. ವಾಹನ ಸಾಲದ ಕರಾರಿನಲ್ಲಿ ವಶಕ್ಕೆ ಪಡೆಯುವ ಷರತ್ತು ಇದ್ದೇ ಇರುತ್ತದೆ. ಆದರೆ ಮೊದಲು ನೋಟಿಸು, ಮಾರುವ ಮುನ್ನ ಹಣ ಕಟ್ಟಲು ಕೊನೆಯ ಅವಕಾಶ, ಕಟ್ಟಿದರೆ ವಾಹನ ಹಿಂದಿರುಗಿಸುವ ಕ್ರಮ ಇವೂ ಆ ಕರಾರಿನಲ್ಲಿರಬೇಕು. ಗಾಡಿ ಒಪ್ಪಿಸಲೇಬೇಕಾಗಿ ಬಂದರೆ ಒಳಗಿನ ಸಾಮಾನು ತೆಗೆದುಕೊಂಡು, ಕಿಲೋಮೀಟರ್ ರೀಡಿಂಗ್, ಟೈರು, ಬ್ಯಾಟರಿಯ ಸ್ಥಿತಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಖಾಲಿ ಹಾಳೆಗೆ "ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ" ಎಂದು ಸಹಿ ಮಾಡಬೇಡಿ.

ಮನೆ, ನಿವೇಶನ ಅಡವಿಟ್ಟ ಸಾಲಕ್ಕೆ 2002ರ ಸರ್ಫೇಸಿ ಕಾಯ್ದೆ ಇದೆ. ಇದರಲ್ಲಿ ಬ್ಯಾಂಕ್ ಮೊದಲು ಕೋರ್ಟಿಗೆ ದಾವೆ ಹಾಕಬೇಕಿಲ್ಲ, ಅದೇ ಇದರ ಬಲ. 90 ದಿನ ಬಾಕಿ ಉಳಿದು ಸಾಲ ಎನ್‌ಪಿಎ (ವಸೂಲಾಗದ ಸಾಲ) ಎನಿಸಿಕೊಂಡ ಮೇಲೆ, ಬಾಕಿ ಕಟ್ಟಿ ಎಂಬ 60 ದಿನದ ಡಿಮ್ಯಾಂಡ್ ನೋಟಿಸು ಬರುತ್ತದೆ. ಬಹಳ ಜನ ಇದನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ಅತಿ ಬೆಲೆಬಾಳುವ ದಿನಗಳು ಇವೇ. ಈ ಅವಧಿಯಲ್ಲಿ ಲಿಖಿತ ಆಕ್ಷೇಪ ಸಲ್ಲಿಸಿದರೆ ಬ್ಯಾಂಕ್ 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ನಂತರ ಸ್ವಾಧೀನದ ನೋಟಿಸು ಬಾಗಿಲಿಗೂ ಪತ್ರಿಕೆಗೂ ಬರುತ್ತದೆ. ಬ್ಯಾಂಕಿನ ಆ ಕ್ರಮದ ವಿರುದ್ಧ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮನೆ ಖಾಲಿ ಮಾಡಿಸಲು ಬ್ಯಾಂಕಿಗೆ ನೆರವು ಬೇಕಾದರೆ ಜಿಲ್ಲಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಬಾಕಿಯನ್ನೆಲ್ಲ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ನಿಮ್ಮದು. ಪ್ರಕಟಣೆ ಬಂದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. ನಿಜವಾಗಿ ಬೇಸಾಯದಲ್ಲಿರುವ ಕೃಷಿ ಜಮೀನಿಗೆ, 1 ಲಕ್ಷ ಮೀರದ ಸಾಲಕ್ಕೆ, ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದ ಸಾಲಕ್ಕೆ ಈ ಕಾಯ್ದೆ ಅನ್ವಯಿಸದು.

ಸೊಸೈಟಿ ಸಾಲ ಇನ್ನೊಂದು ದಾರಿ ಹಿಡಿಯುತ್ತದೆ. 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನ ಕೆಳಗೆ ನಿಬಂಧಕರ ಮುಂದೆ ದಾವೆ ನಡೆದು, ತೀರ್ಪಾಗಿ, ಆಮೇಲೆ ವಸೂಲಿ. ಅಲ್ಲಿಯ ನೋಟಿಸನ್ನೂ ಕೋರ್ಟಿನದ್ದರಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಅಮೀನ ಬಂದಾಗ

ಅಮೀನ ಬಂದಿದ್ದಾನೆ ಎಂದರೆ ಕೋರ್ಟಿನಲ್ಲಿ ದಾವೆ ನಡೆದು, ಡಿಕ್ರಿಯಾಗಿ (ಹಣ ಕಟ್ಟಬೇಕೆಂಬ ತೀರ್ಪು ಬಂದು), ಅದನ್ನು ಜಾರಿ ಮಾಡಿಸಿ ಎಂಬ ಅಮಲ್ಜಾರಿ ಅರ್ಜಿಯೂ ದಾಖಲಾಗಿದೆ ಎಂದರ್ಥ. ಎಷ್ಟೋ ಜನಕ್ಕೆ ತಮ್ಮ ಮೇಲೆ ಕೇಸಿತ್ತು ಎಂಬುದೇ ಆಗ ತಿಳಿಯುತ್ತದೆ. ಸಮನ್ಸ್ ಬಂದಾಗ ತೆಗೆದುಕೊಳ್ಳದೆ ವಾಪಸು ಕಳಿಸಿರುತ್ತಾರೆ, ಅಥವಾ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಸಮನ್ಸ್ ತಿರಸ್ಕರಿಸಿದರೆ ಕೇಸು ನಿಲ್ಲುವುದಿಲ್ಲ, ನಿಮ್ಮ ವಾದ ಕೇಳದೆಯೇ ಏಕಪಕ್ಷೀಯ ಡಿಕ್ರಿಯಾಗುತ್ತದೆ. ನಿಮಗೆ ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ 30 ದಿನದೊಳಗೆ ಅದನ್ನು ರದ್ದು ಮಾಡಿ ಎಂದು ಅರ್ಜಿ ಹಾಕಬಹುದು.

ಬಾಗಿಲು ತೆರೆದು ವಾರಂಟ್ ಕೇಳಿ ಓದಿ. ನ್ಯಾಯಾಲಯದ ಮೊಹರು, ಸಹಿ, ಇಂಥ ದಿನದೊಳಗೆ ಜಾರಿ ಮಾಡಬೇಕೆಂಬ ತಾರೀಕು ಮೂರೂ ಇರಬೇಕು. ತಾರೀಕು ಕಳೆದಿದ್ದರೆ ಆ ವಾರಂಟಿಗೆ ಬಲವಿಲ್ಲ. ಕೇಸಿನ ನಂಬರನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ನಿಂತಲ್ಲೇ ಗೊತ್ತಾಗುತ್ತದೆ, ನಿಜವೋ ಸುಳ್ಳೋ ಎಂದು. ವಾಟ್ಸಾಪಿನಲ್ಲಿ ಬರುವ "ಅರೆಸ್ಟ್ ವಾರಂಟ್"ಗಳನ್ನೂ ಹೀಗೆಯೇ ಪರೀಕ್ಷಿಸಿ. ಲೋಕ ಅದಾಲತ್‌ಗೆ ಬನ್ನಿ ಎಂಬ ನೋಟಿಸು ರಾಜಿಯ ಕರೆ ಮಾತ್ರ, ಅದಕ್ಕಾಗಿ ಯಾರೂ ಬಂಧಿಸುವುದಿಲ್ಲ.

ವಾರಂಟ್ ನಿಜವಾಗಿದ್ದರೆ ಅಮೀನನ ಜೊತೆ ಜಗಳಕ್ಕೆ ಹೋಗಬೇಡಿ. ಅವನು ಸರ್ಕಾರಿ ನೌಕರ, ತಡೆದರೆ ಅದೇ ಬೇರೆ ಅಪರಾಧ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯು ಅವನಿಗೂ ಗೆರೆ ಹಾಕಿದೆ. 62ನೇ ಕಲಮಿನ ಪ್ರಕಾರ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಬರುವಂತಿಲ್ಲ. ಮನೆ ಸಾಲಗಾರನ ಸ್ವಾಧೀನದಲ್ಲಿದ್ದು, ಒಳಗೆ ಬಿಡಲು ಅವನು ನಿರಾಕರಿಸಿದರೆ ಮಾತ್ರ ಹೊರಬಾಗಿಲು ಒಡೆಯಬಹುದು.

ಏನನ್ನು ಮುಟ್ಟಬಾರದು ಎಂಬ ಪಟ್ಟಿ 60ನೇ ಕಲಮಿನಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿಯಂತೆ ಹೆಣ್ಣು ಮೈಯಿಂದ ತೆಗೆಯಬಾರದ ಒಡವೆ, ನಮ್ಮಲ್ಲಿ ತಾಳಿ ಅದೇ. ಕಸುಬುದಾರನ ಉಪಕರಣ; ಬೇಸಾಯಗಾರನ ನೇಗಿಲು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ. ಬೇಸಾಯಗಾರ, ಕೂಲಿಕಾರ, ಮನೆಗೆಲಸದವರು ತಾವೇ ವಾಸವಿರುವ ಸ್ವಂತ ಮನೆಯೂ ಈ ಪಟ್ಟಿಯಲ್ಲಿದೆ, ಅದನ್ನೇ ಅಡವಿಟ್ಟು ಸಾಲ ತೆಗೆದಿದ್ದರೆ ಮಾತ್ರ ಈ ರಕ್ಷಣೆ ಸಿಗದು. ಕೂಲಿ ಹಣ, ಭವಿಷ್ಯನಿಧಿ, ಸರ್ಕಾರಿ ಪಿಂಚಣಿಯನ್ನೂ ಜಪ್ತಿ ಮಾಡುವಂತಿಲ್ಲ.

ಸಂಬಳದ ಲೆಕ್ಕ ಹೀಗೆ: ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ನಿಮ್ಮದೇ. ತಿಂಗಳಿಗೆ 25,000 ಬರುವವರಿಗೆ 1,000 ಕಳೆದು 24,000. ಅದರಲ್ಲಿ 16,000 ಸುರಕ್ಷಿತ. ಕೈಗೆ ಉಳಿಯಲೇಬೇಕಾದ್ದು 17,000, ಹಿಡಿಯಬಹುದಾದ್ದು ಹೆಚ್ಚೆಂದರೆ 8,000. ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ ಅದೇ ಡಿಕ್ರಿಗೆ ಮತ್ತೆ ಸಂಬಳಕ್ಕೆ ಕೈ ಹಾಕುವಂತಿಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ.

ಈ ರಕ್ಷಣೆಯನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ. "ಇದು ನಾನು ವಾಸವಿರುವ ಮನೆ, ನಾನು ಬೇಸಾಯಗಾರ" ಎಂದು ಅಮಲ್ಜಾರಿ ನಡೆಯುವ ಕೋರ್ಟಿನಲ್ಲಿ ನೀವೇ ಆಕ್ಷೇಪಣೆ ಹಾಕಿ, ಪಹಣಿಯಂಥ ದಾಖಲೆ ತೋರಿಸಬೇಕು. ಜಪ್ತಿಯಾದ ಫ್ರಿಜ್ ತಮ್ಮನದ್ದೋ ಸೊಸೆಯದ್ದೋ ಆಗಿದ್ದರೆ ಅವರೂ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು, ಬಿಲ್ಲು ಇದ್ದರೆ ಸುಲಭ. ವಕೀಲರಿಗೆ ಕೊಡಲು ಹಣವಿಲ್ಲವೇ? ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಜೈಲಿಗೆ ಹಾಕುತ್ತಾರಾ?

ಏಜೆಂಟರ ಬಾಯಲ್ಲಿ ಅತಿ ಹೆಚ್ಚು ಬರುವ ಬೆದರಿಕೆ ಇದು. ಕಂತು ಕಟ್ಟದಿರುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ. ಠಾಣೆಗೆ ಕರೆಸಿ ಕಂತು ಕಟ್ಟಿಸುವುದು ಪೊಲೀಸರ ಕೆಲಸವಲ್ಲ. ಡಿಕ್ರಿಯಾದ ಮೇಲೆ ಸಿವಿಲ್ ಜೈಲು ಎಂಬುದು ಇದೆ, ಆದರೆ ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರಿಗೂ ಕಾರಣ ಕೇಳಿ ನೋಟಿಸು ಕೊಟ್ಟು ವಿಚಾರಣೆ ನಡೆಯಬೇಕು. ಗರಿಷ್ಠ ಮೂರು ತಿಂಗಳು. ಜೈಲಿನಲ್ಲಿರುವವರ ಊಟದ ಖರ್ಚನ್ನು ಡಿಕ್ರಿ ಪಡೆದವನೇ ಕಟ್ಟಬೇಕು. ಬಡತನದಿಂದ ಕಟ್ಟಲಾಗದವನನ್ನು ಜೈಲಿಗೆ ಹಾಕುವಂತಿಲ್ಲ, ಕೈಯಲ್ಲಿದ್ದೂ ದುರುದ್ದೇಶದಿಂದ ಕಟ್ಟದವನಿಗೆ ಮಾತ್ರ ಅದು ಎಂದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದರು.

ನಿಜವಾಗಿ ಹೆದರಬೇಕಾದ್ದು ಚೆಕ್ಕಿಗೆ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ದಂಡ, ಅಥವಾ ಎರಡೂ. ಸಹಿ ಮಾಡಿ ಖಾಲಿ ಕೊಟ್ಟದ್ದು ಎಂಬ ವಾದ ಒಂದರಿಂದಲೇ ಬಚಾವಾಗುವುದು ಕಷ್ಟ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೂ ಇಂಥದ್ದೇ ಕಾನೂನು ಇದೆ. ವಕೀಲರ ನೋಟಿಸು ಕೈಸೇರಿದ 15 ದಿನದಲ್ಲಿ ಹಣ ಕಟ್ಟಿದರೆ ಕೇಸು ಹಾಕಲು ಬರುವುದಿಲ್ಲ. ಕಟ್ಟಲಾಗದಿದ್ದರೆ ಆ 15 ದಿನದೊಳಗೆ ಲಿಖಿತ ಉತ್ತರವನ್ನಾದರೂ ಕೊಡಿ.

ಹಣ ಕಟ್ಟುವಾಗ

ಏಜೆಂಟನ ಸ್ವಂತ ಫೋನ್‌ಪೇಗೆ ಹಾಕಬೇಡಿ. ಸಾಲದ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. 2024ರ ಏಪ್ರಿಲ್‌ನಿಂದ ತಡವಾದ ಕಂತಿಗೆ ದಂಡ ಶುಲ್ಕ ಹಾಕಬಹುದೇ ಹೊರತು ದಂಡ ಬಡ್ಡಿಯನ್ನು ಬಡ್ಡಿಗೆ ಸೇರಿಸುವಂತಿಲ್ಲ. ಲೆಕ್ಕಪತ್ರದಲ್ಲಿ ಈ ಸಾಲನ್ನು ಬೆರಳಿಟ್ಟು ನೋಡಿ. ಇಷ್ಟಕ್ಕೆ ಮುಗಿಸೋಣ ಎಂದು ಸೆಟಲ್‌ಮೆಂಟ್ ಮಾತು ಬಂದರೆ ಕಂಪನಿಯ ಲೆಟರ್‌ಹೆಡ್ಡಿನ ಪತ್ರ ಕೈಗೆ ಬರುವವರೆಗೂ ಹಣ ಕೊಡಬೇಡಿ. ಹಾಗೆ ಮುಗಿಸಿದ ಸಾಲ ಸಿಬಿಲ್ ದಾಖಲೆಯಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯಲ್ಲಿ, ಸೆಟಲ್ಡ್ ಎಂದೇ ಉಳಿಯುತ್ತದೆ, ಮುಂದಿನ ಸಾಲಕ್ಕೆ ತೊಡಕಾಗುತ್ತದೆ ಎಂಬುದನ್ನೂ ಅಳೆದುಕೊಳ್ಳಿ. ಡಿಕ್ರಿಯಾದ ಮೇಲೆ ಕೋರ್ಟಿನ ಹೊರಗೆ ಹಣ ಕೊಟ್ಟರೆ 30 ದಿನದೊಳಗೆ ಅದನ್ನು ಕೋರ್ಟಿನಲ್ಲಿ ದಾಖಲಿಸಬೇಕು. ಇಲ್ಲವಾದರೆ ಅಮಲ್ಜಾರಿ ನ್ಯಾಯಾಲಯ ಆ ಪಾವತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಟ್ಟಿದ್ದನ್ನೇ ಮತ್ತೆ ಕಟ್ಟಬೇಕಾದೀತು.

ಪೂರ್ತಿ ತೀರಿದ ದಿನವೇ ಬಾಕಿ ಇಲ್ಲ ಎಂಬ ಪತ್ರ ಕೇಳಿ, ಭದ್ರತೆಗೆ ಕೊಟ್ಟಿದ್ದ ಚೆಕ್ಕುಗಳನ್ನು ಎಣಿಸಿ ವಾಪಸು ಪಡೆಯಿರಿ. ಅಡವಿಟ್ಟ ಆಸ್ತಿಯ ಮೂಲಪತ್ರಗಳನ್ನು ಬ್ಯಾಂಕ್ 30 ದಿನದೊಳಗೆ ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ದಿನಕ್ಕೆ 5,000 ರೂಪಾಯಿಯ ಹಾಗೆ ಪರಿಹಾರವನ್ನು ಅದೇ ನಿಮಗೆ ಕೊಡಬೇಕು.